ಗೋಡೆಯ ಮೇಲಿನ ಅರವತ್ತು ಇಂಚು

ಟೈಲರ್‌ಗಳ ಮನೆಯಲ್ಲಿ ಅಳತೆಯ ಟೇಪಿಗೂ ಒಂದು ಆಯಸ್ಸಿರುತ್ತದೆ. ನಾಲ್ಕೈದು ವರ್ಷ ಕೊರಳಿಗೆ ಹಾಕಿಕೊಂಡು ಎಳೆದಾಡಿದರೆ ಅದು ಅರ್ಧ ಇಂಚು ಜಗ್ಗುತ್ತದೆ. ಜಗ್ಗಿದ ಟೇಪನ್ನು ಯಾವ ಟೈಲರೂ ನಂಬುವುದಿಲ್ಲ. ನಮ್ಮ ಬೀದಿಯ ಟೈಲರಮ್ಮ ಅಂಥ ಟೇಪುಗಳಿಂದ ಹಳೆಯ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಆದರೆ ತನಗೆ ಐವತ್ತು ತುಂಬಿದ ಮೇ ತಿಂಗಳ ಮೊದಲ ವಾರ, ಅಂಥದ್ದೊಂದು ಟೇಪನ್ನು ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಮೊಳೆ ಹೊಡೆದು ಇಳಿಬಿಟ್ಟಳು. ಸೊನ್ನೆ ನೆಲಕ್ಕೆ ತಾಗಿತ್ತು, ಅರವತ್ತು ಮೊಳೆಯ ಹತ್ತಿರ ಇತ್ತು. ಟೈಲರಮ್ಮನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಸೊನ್ನೆಯ ಬಳಿ ಒಂದು ಸೇಫ್ಟಿ ಪಿನ್ನು ಸಿಕ್ಕಿಸಿ, ಏನೂ ಆಗದವಳಂತೆ ಹೋಗಿ ಮಷೀನಿನ ಮುಂದೆ ಕೂತಳು.

ಮೊದಲು ಕೇಳಿದವರು ಅತ್ತೆ. “ಇದೇನೇ ಇದು, ಇನ್ನು ಗೋಡೆಗೂ ಅಂಗಿ ಹೊಲಿತೀಯಾ?”

ಟೈಲರಮ್ಮ ಪೆಡಲ್ ತುಳಿಯುತ್ತಲೇ ವಿಷಯ ಹೇಳಿದಳು. ದೊಡ್ಡಾಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹರಿದ ಬಟ್ಟೆ ಹೊಲಿದುಕೊಡುವವರು ಬೇಕಂತೆ. ತಾನು ಡಿಸೆಂಬರ್ ಮುಗಿಯುವುದರೊಳಗೆ ಅರವತ್ತು ಗಂಟೆ ಕೊಡುವುದೆಂದು ತೀರ್ಮಾನಿಸಿದ್ದಾಳೆ. ಶನಿವಾರ ಮಧ್ಯಾಹ್ನ ಮೂರರಿಂದ ಐದು. ಒಂದು ಗಂಟೆಗೆ ಒಂದು ಇಂಚು. ಮೂವತ್ತು ಶನಿವಾರ ಬೇಕು, ಇರುವುದು ಮೂವತ್ತನಾಲ್ಕು. ನಾಲ್ಕು ಕೈತಪ್ಪಿದರೂ ತೊಂದರೆಯಿಲ್ಲ.

ಲೆಕ್ಕವೆಲ್ಲ ಸರಿ, ಆದರೆ ಯಾಕೆ ಅನ್ನುವುದನ್ನು ಅವಳು ಮಗಳಿಗೆ ಮಾತ್ರ ಹೇಳಿದಳು. ಮಗಳಿಗೆ ಏಳು ವರ್ಷವಿದ್ದಾಗ ಹೊಟ್ಟೆಯ ಆಪರೇಷನ್ ಆಗಿ ಐದು ದಿನ ಆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಇರಬೇಕಾಗಿತ್ತು. ಹಾಕಿಕೊಳ್ಳಲು ಕೊಟ್ಟ ಗೌನಿಗೆ ಬೆನ್ನಿನ ಲಾಡಿಗಳೇ ಇರಲಿಲ್ಲ. ಎಲ್ಲರೂ ಹಿಂದಿನಿಂದ ನೋಡುತ್ತಾರೆಂದು ಹುಡುಗಿ ಶೌಚಕ್ಕೆ ನಡೆದುಹೋಗಲು ಒಪ್ಪದೆ ಮಂಚ ಹಿಡಿದು ಕೂತಳು. ಟೈಲರಮ್ಮ ತನ್ನ ಚೀಲದ ಹಿಡಿಕೆಯನ್ನೇ ಸೀಳಿ ನಾಲ್ಕು ಲಾಡಿ ಮಾಡಿ ಹೊಲಿದಳು. ಅದನ್ನು ನೋಡಿ ಪಕ್ಕದ ಮಂಚದ ತಾಯಿ ಕೇಳಿದಳು, ಆಮೇಲೆ ಅದರಾಚೆಯವಳು. ಐದು ದಿನದಲ್ಲಿ ಹನ್ನೊಂದು ಗೌನಿಗೆ ಲಾಡಿ ಬಂತು. ಮನೆಗೆ ಹೊರಡುವ ದಿನ ಬಟ್ಟೆ ಎಣಿಸಿಕೊಳ್ಳಲು ಬಂದ ಸಿಸ್ಟರ್‌ಗೆ ಅವಳು, ಮತ್ತೆ ಬಂದು ಉಳಿದವನ್ನೂ ಹೊಲಿದುಕೊಡ್ತೀನಿ ಎಂದಿದ್ದಳು. ಸಿಸ್ಟರ್ ತಲೆಯೆತ್ತದೆ, “ಎಲ್ಲರೂ ಹಾಗೇ ಹೇಳ್ತಾರೆ” ಅಂದಿದ್ದರು.

ಆ ಮಾತಿಗೆ ಹದಿನೈದು ವರ್ಷ. ಟೈಲರಮ್ಮ ಒಂದು ಸಲವೂ ಹೋಗಿರಲಿಲ್ಲ. ಆ ಸಿಸ್ಟರ್ ಈಗ ಬಟ್ಟೆಕೋಣೆಯ ಮುಖ್ಯಸ್ಥೆ, ಈ ವರ್ಷದ ಕೊನೆಗೆ ನಿವೃತ್ತಿ ಎಂದು ಸಮವಸ್ತ್ರ ಹೊಲಿಸಲು ಬಂದ ನರ್ಸೊಬ್ಬಳು ಮಾತಿಗೆ ಮಾತು ಬಂದು ಹೇಳಿದ್ದಳು. ಮೊಳೆ ಗೋಡೆಗೆ ಬಿದ್ದದ್ದು ಅದರ ಮಾರನೆಯ ದಿನ.

ಗಂಡ ನೀರಿನ ಮೀಟರ್ ಓದುವವನು. ಮನೆಮನೆಗೆ ಹೋಗಿ, ಬಗ್ಗಿ, ಟಾರ್ಚು ಬಿಟ್ಟು, ಅಂಕಿ ಬರೆದುಕೊಂಡು ಬರುವ ಕೆಲಸ. ಬೀದಿಯವರಿಗೆ ಅವನು ಮೀಟರಣ್ಣ. ಹೆಂಡತಿಯ ಯೋಜನೆ ಕೇಳಿ ಅವನಿಗೆ ಬಹಳ ಸಂತೋಷವಾಯಿತು. ಇಂಥ ಒಳ್ಳೆಯ ಕೆಲಸದಲ್ಲಿ ತನ್ನದೂ ಪಾಲಿರಬೇಕೆಂದು ಯೋಚಿಸಿ, ವಾರವಾರ ಪಿನ್ನು ಸರಿಸುವ ಜವಾಬ್ದಾರಿಯನ್ನು ತಾನೇ ವಹಿಸಿಕೊಂಡ. ಅಂಕಿಸಂಖ್ಯೆ ತನ್ನ ವೃತ್ತಿಯಲ್ಲವೇ, ಅವಳು ತಲೆ ಕೆಡಿಸಿಕೊಳ್ಳಬಾರದು ಎಂದ.

“ನಿಂಗೆ ಕಷ್ಟ ಆಗಲ್ವೇನಪ್ಪಾ?” ಎಂದು ಅತ್ತೆ ಮಗನನ್ನು ವಿಚಾರಿಸಿದರು. “ಪಿನ್ನು ಭಾರ ಇರುತ್ತೆ.”

ಶನಿವಾರ ಮೀಟರಣ್ಣನಿಗೆ ರಜೆ. ಅಂದರೆ ಟೈಲರಮ್ಮನಿಗೆ ಎರಡು ಸಲ ಹೆಚ್ಚು ಚಹಾ ಮಾಡುವ ಕೆಲಸ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವುದರಿಂದ ಶನಿವಾರವೂ ಸಂಜೆಯವರೆಗೆ ಮನೆಯಲ್ಲಿರುವುದಿಲ್ಲ. ಮೂರು ಗಂಟೆಗೆ ಹೊರಡಬೇಕಾದ ಟೈಲರಮ್ಮ ಬೆಳಗಿನ ಐದಕ್ಕೇ ಹೊರಡಲು ಶುರು ಮಾಡುತ್ತಿದ್ದಳು. ಒಗೆದು, ಹಿಂಡಿ, ಹರವಿ, ಮಧ್ಯಾಹ್ನದ್ದು ಬೇಯಿಸಿ, ಸಂಜೆಯದ್ದು ಹೆಚ್ಚಿಟ್ಟು, ಅತ್ತೆಯ ಮೊಣಕಾಲಿಗೆ ಎಣ್ಣೆ ಹಚ್ಚಿ, ಗಂಡನ ಷರಟಿಗೆ ಇಸ್ತ್ರಿ ಹಾಕಿ, ಪಾತ್ರೆ ತೊಳೆದು, ಚಹಾದ ಪುಡಿ ಸಕ್ಕರೆ ಎರಡನ್ನೂ ಕಣ್ಣಿಗೆ ಬೀಳುವ ಹಾಗೆ ಒಲೆಯ ಪಕ್ಕ ಇಟ್ಟು, ಮೂರಕ್ಕೆ ಹತ್ತು ನಿಮಿಷವಿರುವಾಗ ಓಡುತ್ತಿದ್ದಳು. ಹೀಗೇ ಓಡಿದರೆ ಆಸ್ಪತ್ರೆಯವರು ನಿನ್ನನ್ನೇ ಮಂಚದ ಮೇಲೆ ಮಲಗಿಸಿಕೊಳ್ಳುತ್ತಾರೆ ಎಂದು ಅತ್ತೆ ಬಾಗಿಲವರೆಗೂ ಬಂದು ಎಚ್ಚರಿಸುತ್ತಿದ್ದರು.

ಬಟ್ಟೆಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಉದ್ದನೆಯ ಓಣಿಯ ತುದಿಯಲ್ಲಿತ್ತು. ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಹಸಿರು ಬಿಳಿ ಮಡಿಕೆಗಳು, ಕಿಟಕಿಯ ಕೆಳಗೆ ಎರಡು ಹೊಲಿಗೆ ಮಷೀನು. ಮೂಲೆಯ ತೊಟ್ಟಿಯ ಮೇಲೊಂದು ನಲ್ಲಿ ಟಪ್ ಟಪ್ ಎಂದು ಹಗಲೆಲ್ಲ ತೊಟ್ಟಿಕ್ಕುತ್ತಿತ್ತು. ಸಿಸ್ಟರ್‌ಗೆ ಕೂದಲು ಬೆಳ್ಳಗಾಗಿತ್ತು, ಮಾತು ಹದಿನೈದು ವರ್ಷದ ಹಿಂದಿನಷ್ಟೇ ಕಡಿಮೆ. ಟೈಲರಮ್ಮನ ಗುರುತು ಅವರಿಗೆ ಸಿಗಲಿಲ್ಲ. ಇವಳೂ ಹೇಳಲಿಲ್ಲ. ಅರವತ್ತು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಸಿಸ್ಟರ್ ಬ್ಲೇಡಿನಿಂದ ಪೆನ್ಸಿಲ್ ಚೂಪು ಮಾಡಿ ರಿಜಿಸ್ಟರಿನಲ್ಲಿ ಇವಳ ಹೆಸರು ಬರೆದುಕೊಂಡರು. ಸಹಾಯಕ್ಕೆ ಬರುವ ಯಾರ ಹೆಸರನ್ನೇ ಆಗಲಿ ಮೊದಲು ಪೆನ್ಸಿಲಿನಲ್ಲೇ ಬರೆಯುವುದು ಅಲ್ಲಿಯ ಪದ್ಧತಿ. ಹತ್ತು ಸಲ ಬಂದವರ ಹೆಸರಿನ ಮೇಲೆ ಮಾತ್ರ ಪೆನ್ನು ಓಡುತ್ತದೆ. ಉಳಿದವರದ್ದು ವರ್ಷದ ಕೊನೆಗೆ ರಬ್ಬರಿಗೆ. ಹಾಳೆಗಳು ಉಜ್ಜಿ ಉಜ್ಜಿ ತೆಳ್ಳಗಾಗಿದ್ದವು.

ಟೈಲರಮ್ಮ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಗಿರಾಕಿಗಳನ್ನು ಕೇಳಿ, ಉಳಿದ ತುಂಡುಬಟ್ಟೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಒಯ್ಯುತ್ತಿದ್ದಳು. ಪರದೆಯ ಕಿತ್ತಳೆ, ಶಾಲೆಯ ಸಮವಸ್ತ್ರದ ನೀಲಿ, ಫ್ರಾಕಿನ ಹೂವು, ಯಾರದೋ ಪೈಜಾಮದ ಚೌಕಳಿ. ಬಿಳಿ ಗೌನುಗಳ ಬೆನ್ನಿಗೆ ಬಣ್ಣಬಣ್ಣದ ಲಾಡಿಗಳು ಬಂದವು. ಜುಲೈ ಹೊತ್ತಿಗೆ ವಾರ್ಡಿನ ಮಕ್ಕಳು ತಮಗೆ ಕಿತ್ತಳೆಯದೇ ಬೇಕು, ಹೂವಿನದೇ ಬೇಕು ಎಂದು ಹಟ ಮಾಡುತ್ತಿವೆಯೆಂದು ನರ್ಸುಗಳು ದೂರು ತಂದರು. ಹತ್ತನೆಯ ಭೇಟಿಯ ದಿನ ಸಿಸ್ಟರ್ ಪೆನ್ನಿನ ಮುಚ್ಚಳ ತೆಗೆದು ಅವಳ ಹೆಸರನ್ನು ನಿಧಾನವಾಗಿ ತಿದ್ದಿದರು, ಅಷ್ಟೇ. ಟೈಲರಮ್ಮ ಅವತ್ತು ಮನೆಗೆ ನಡೆದುಬಂದಳೋ ಹಾರಿಬಂದಳೋ ಅವಳಿಗೇ ಗೊತ್ತಿಲ್ಲ.

ಮನೆಯಲ್ಲಿ ಪಿನ್ನು ಮೇಲೇರುತ್ತಿತ್ತು. ಶನಿವಾರ ಊಟವಾದ ಮೇಲೆ, ಟೈಲರಮ್ಮ ಪಾತ್ರೆ ತೊಳೆಯುವಾಗ, ಮೀಟರಣ್ಣ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ ಎರಡಿಂಚು ಮೇಲಕ್ಕೆ ಸರಿಸುತ್ತಿದ್ದ. ಮಗಳು ಬಂದವರಿಗೆಲ್ಲ ವರದಿ ಒಪ್ಪಿಸುತ್ತಿದ್ದಳು. ಅಮ್ಮನ ಸೇವೆ ಈಗ ಮೊಣಕಾಲು ದಾಟಿತು. ಸೊಂಟಕ್ಕೆ ಬಂತು. ಕಂಕುಳ ತನಕ ಬಂತು.

ನವೆಂಬರಿನ ನಡುವಿನ ಒಂದು ಶನಿವಾರ ಟೈಲರಮ್ಮ ಮಷೀನಿಗೆ ಮುಚ್ಚಳ ಹಾಕುತ್ತಾ ಹಗುರವಾಗಿ ಹೇಳಿದಳು. “ಸಿಸ್ಟರ್, ಇವತ್ತಿಂದೂ ಸೇರಿ ಐವತ್ತಾರಾಯ್ತು. ಇನ್ನೆರಡು ವಾರ ಬಂದ್ರೆ ನಂದು ಮುಗೀತು.”

ಸಿಸ್ಟರ್ ರಿಜಿಸ್ಟರ್ ತೆರೆದು ಬೆರಳಿಟ್ಟು ಎಣಿಸಿದರು. ಇನ್ನೊಂದು ಸಲ ಎಣಿಸಿದರು. “ಹತ್ತೊಂಬತ್ತು ಸಲ ಬಂದಿದೀರ. ಮೂವತ್ತೆಂಟು ಗಂಟೆ.”

“ಟೇಪಲ್ಲಿ ಐವತ್ತಾರು…”

“ಟೇಪು ನಿಮ್ಮನೇದು. ರಿಜಿಸ್ಟರ್ ನಂದು” ಎಂದು ಸಿಸ್ಟರ್ ಪುಸ್ತಕ ಮುಚ್ಚಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಆದರೂ ಟೈಲರಮ್ಮನ ಕಿವಿಗೆ ಬೇರೆಯೇ ಮಾತು ಕೇಳಿಸಿತು. ಎಲ್ಲರೂ ಹಾಗೇ ಹೇಳ್ತಾರೆ.

ದಾರಿಯುದ್ದಕ್ಕೂ ಅವಳು ಹೋಗದ ಶನಿವಾರಗಳನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಎರಡು ಸಿಕ್ಕವು, ಕಷ್ಟಪಟ್ಟರೆ ಮೂರು. ಹೋಗದ ದಿನಗಳಲ್ಲಿ ಕೆಲಸ ಎಷ್ಟಿರುತ್ತಿತ್ತೆಂದರೆ ಹೋಗಲಿಲ್ಲ ಎನ್ನುವುದನ್ನು ನೆನಪಿಟ್ಟುಕೊಳ್ಳಲೂ ಪುರುಸೊತ್ತಿರಲಿಲ್ಲ. ಟೇಪು ಇದೆಯಲ್ಲ ಎಂದು ನಂಬಿದ್ದಳು. ಜಗ್ಗಿದ ಟೇಪನ್ನು ನಂಬಬಾರದೆಂದು ಗೊತ್ತಿದ್ದೂ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಗಂಡನನ್ನು ಕೇಳಿದಳು. ಮೀಟರಣ್ಣನಿಗೆ ತಾನು ತಪ್ಪು ಮಾಡಿದ್ದೇನೆಂದು ಅನಿಸಲೇ ಇಲ್ಲ. ಕಚೇರಿಯ ನಿಯಮ ವಿವರಿಸುವವನ ಹಾಗೆ ಸಮಾಧಾನವಾಗಿ ಹೇಳಿದ.

“ನಮ್ಮಲ್ಲಿ ಬೀಗ ಹಾಕಿರೋ ಮನೆಗೆ ಸೊನ್ನೆ ಬರೆಯೋ ಹಾಗಿಲ್ಲ ಕಣೇ. ಒಳಗೆ ಹೋಗಿ ಮೀಟರ್ ನೋಡಕ್ಕಾಗಲಿಲ್ಲ ಅಂದ್ರೆ ಅವರು ನೀರೇ ಬಳಸಿಲ್ಲ ಅಂತಲ್ಲ. ಹಿಂದಿನ ತಿಂಗಳುಗಳದ್ದು ನೋಡಿ ಸರಾಸರಿ ಹಾಕ್ತೀವಿ. ನಿಂದು ಸರಾಸರಿ ಎರಡು.”

“ನಾನೇನ್ರೀ, ಬೀಗ ಹಾಕಿರೋ ಮನೆನಾ?”

“ಅಲ್ಲ, ಆ ಶನಿವಾರಗಳು ನೀನು ಹೋಗಲಿಲ್ಲ, ಒಪ್ಕೋತೀನಿ. ಹಾಗಂತ ಸುಮ್ನೆ ಕೂತಿದ್ಯಾ? ದುಡೀತಾನೇ ಇದ್ದೆ. ಸೊನ್ನೆ ಹಾಕಕ್ಕೆ ನಂಗೆ ಕೈ ಬರಲಿಲ್ಲ.” ಹೀಗೆಂದು ಅವನು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ತೋರಿಸಿದ. ಬೀಗ ಬಿದ್ದ ಮನೆಗೆ ಕಾರಣ ಬರೆದುಕೊಳ್ಳುವುದೂ ಅವರ ನಿಯಮವೇ.

ಒಂಬತ್ತು ತಾರೀಕುಗಳು, ಒಂದರ ಕೆಳಗೊಂದು, ದುಂಡು ಅಕ್ಷರದಲ್ಲಿ. ಅಕ್ಕ ಮಕ್ಕಳೊಂದಿಗೆ ಬಂದದ್ದು, ಏಳು ಜನಕ್ಕೆ ಎರಡು ಹೊತ್ತಿನ ಅಡುಗೆ. ಅಮ್ಮನ ಮೊಣಕಾಲು, ಬಿಸಿನೀರಿನ ಶಾಖ ನಾಲ್ಕು ಸಲ. ನನ್ನ ಕೆಮ್ಮು. ಹಾಸಿಗೆ ಬಿಸಿಲಿಗೆ ಹಾಕಿದ್ದು, ಮಳೆ ಬಂದು ತೆಗೆದದ್ದು, ಮತ್ತೆ ಹಾಕಿದ್ದು. ನನ್ನ ಕೆಮ್ಮು, ಮುಂದುವರಿದದ್ದು. ಕಚೇರಿಯವರು ಊಟಕ್ಕೆ ಬಂದದ್ದು, ನಾನೇ ಕರೆದದ್ದು.

ಟೈಲರಮ್ಮ ನಿಂತುಕೊಂಡೇ ಓದಿದಳು. ಬೈಯಲು ಬಾಯಿ ತೆರೆದವಳು ಪುಸ್ತಕವನ್ನು ಬೆಳಕಿಗೆ ಹಿಡಿದಳು. ಮದುವೆಯಾಗಿ ಇಪ್ಪತ್ತಾರು ವರ್ಷ, ಈ ಮನೆಯಲ್ಲಿ ಅವಳು ಮಾಡಿದ ಕೆಲಸವನ್ನು ಯಾರಾದರೂ ಕೆಲಸವೆಂದು ಬರೆದಿಟ್ಟದ್ದು ಇದೇ ಮೊದಲು. ಬರೆದವನು ಬರೆದದ್ದನ್ನು ತಂದು ಸಿಕ್ಕಿಸಿದ್ದು ಮಾತ್ರ ತಪ್ಪು ಜಾಗಕ್ಕೆ. ಇನ್ನೊಂದು ಸಲ ಓದಿದಾಗ ಅವಳಿಗೆ ಬೇರೆಯೂ ಒಂದು ಕಂಡಿತು. ಒಂಬತ್ತು ಕಾರಣಗಳಲ್ಲಿ ಅವಳದ್ದು ಒಂದೂ ಇರಲಿಲ್ಲ. ಅಷ್ಟೂ ಮನೆಯ ಬೇರೆಯವರದ್ದೇ.

“ನನಗೆ ಕೆಮ್ಮೇ ಬರಲಿಲ್ವಾ?” ಎಂದಳು.

ಮೀಟರಣ್ಣ ಪುಸ್ತಕವನ್ನು ತಾನೂ ಒಮ್ಮೆ ನೋಡಿದ. “ಬಂದಿತ್ತು. ನೀನು ಆಗಲೂ ಹೋಗಿದ್ದೆ. ಅದಕ್ಕೇ ಇದರಲ್ಲಿಲ್ಲ.”

ಟೈಲರಮ್ಮ ಗೋಡೆಯ ಬಳಿ ಹೋಗಿ ಮೂಗಿನ ಮಟ್ಟದಲ್ಲಿದ್ದ ಪಿನ್ನನ್ನು ಕಿತ್ತು, ಕೆಳಕ್ಕೆ, ಸೊಂಟದ ಹತ್ತಿರ, ಮೂವತ್ತೆಂಟಕ್ಕೆ ಚುಚ್ಚಿದಳು. ಕೆಲಸದಿಂದ ಆಗ ತಾನೇ ಬಂದ ಮಗಳಿಗೆ ಅಜ್ಜಿಯಿಂದ ವಿಷಯ ತಿಳಿಯಿತು. ಅವಳು ಕೈಚೀಲ ಕೆಳಗಿಡದೆ ಫೋನಿನಲ್ಲಿ ಲೆಕ್ಕ ಹಾಕಿದಳು. ಮನೆಗೆಲಸವನ್ನೂ ಅಳೆಯುವುದಾದರೆ ಸರಿಯಾಗಿಯೇ ಅಳೆಯೋಣ ಎಂದಳು. ದಿನಕ್ಕೆ ಆರು ಗಂಟೆ ಅಂದರೂ, ಗಂಟೆಗೆ ಇಂಚಿನಂತೆ, ಇಪ್ಪತ್ತಾರು ವರ್ಷಕ್ಕೆ ಅಮ್ಮನ ಟೇಪು ಹತ್ತಿರ ಹತ್ತಿರ ಒಂದೂವರೆ ಕಿಲೋಮೀಟರ್ ಆಗುತ್ತದೆ. ಮನೆಯಿಂದ ಆಸ್ಪತ್ರೆಯ ಗೇಟಿನವರೆಗೆ ಹಾಸಬಹುದು.

“ನಂದೂ ಸೇರಿಸು” ಎಂದರು ಅತ್ತೆ. “ನಂದು ಐವತ್ತೆಂಟು ವರ್ಷ. ಗೇಟು ದಾಟಿ, ವಾರ್ಡು ದಾಟಿ, ಹಿಂದಿನ ಗೋಡೆ ಹಾರಿ ಹೋಗುತ್ತೆ.”

ಮೀಟರಣ್ಣ ಟೇಪನ್ನೇ ನೋಡುತ್ತಾ ನಿಂತ. ಊರಿನ ಪೈಪುಗಳ ಉದ್ದವೆಲ್ಲ ಬಾಯಿಪಾಠವಿದ್ದವನಿಗೆ ಈ ಉದ್ದ ಹೊಸದು.

ನಗು ಮುಗಿದ ಮೇಲೆ ಉಳಿದದ್ದು ಇಪ್ಪತ್ತೆರಡು ಗಂಟೆ ಮತ್ತು ಆರು ಶನಿವಾರ. ಎರಡೆರಡು ಗಂಟೆ ಸಾಲದು, ನಾಲ್ಕು ಬೇಕು. ಬಟ್ಟೆಕೋಣೆ ಶನಿವಾರ ಹನ್ನೊಂದಕ್ಕೆ ತೆರೆಯುತ್ತದೆ. ಹನ್ನೊಂದರಿಂದ ಮೂರು ಎಂದರೆ ಅಡುಗೆಯ ಹೊತ್ತೂ ಅದೇ, ಊಟದ ಹೊತ್ತೂ ಅದೇ. ಬೆಳಗ್ಗೆ ನಾಲ್ಕಕ್ಕೇ ಎದ್ದರೆ ಆಗುತ್ತದೇನೋ ಎಂದು ಟೈಲರಮ್ಮ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿದ್ದಳು. ಅತ್ತೆ ತಡೆದರು. ಕೊಡೋಳು ನೀನು ತಾನೇ, ನಿನ್ನ ನಿದ್ದೆ ಯಾಕೆ ಕೊಡ್ತೀಯ, ಇವನ ಶನಿವಾರ ಕೊಡು ಅಂದರು. ಮೀಟರಣ್ಣ ಬೇಡವೆನ್ನಲಿಲ್ಲ. ಬೇಡವೆನ್ನುವ ಮುಖವೂ ಅವನಿಗೆ ಉಳಿದಿರಲಿಲ್ಲ. ಶನಿವಾರಗಳ ಮಧ್ಯಾಹ್ನದ ಅಡುಗೆ ತನಗೆ ಬಿಡು ಎಂದ. ಸಹಾಯ ಮಾಡುವುದಲ್ಲ, ಪೂರ್ತಿ, ಪಾತ್ರೆ ತೊಳೆಯುವುದೂ ಸೇರಿ ಎಂದು ಮಗಳು ಅದನ್ನು ಅವನ ಪುಸ್ತಕದಲ್ಲೇ ಬರೆಸಿದಳು.

ಮೊದಲ ಶನಿವಾರ ಟೈಲರಮ್ಮ ಒಲೆಯ ಪಕ್ಕ ಏನನ್ನೂ ತೆಗೆದಿಡದೆ ಹೊರಟಳು. ಅಷ್ಟು ಮಾಡುವುದಕ್ಕೇ ಅವಳು ಬಾಗಿಲವರೆಗೆ ಹೋಗಿ ಎರಡು ಸಲ ತಿರುಗಿ ಬರಬೇಕಾಯಿತು. ಹನ್ನೊಂದೂವರೆಗೆ ಬಟ್ಟೆಕೋಣೆಯ ಮೇಜಿನ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ಅವಳ ಎರಡು ಕೈಯೂ ಸೂಜಿಯ ಕೆಳಗಿದ್ದವು. ಸಿಸ್ಟರ್ ಎತ್ತಿದರು.

“ಅವರು ಡ್ಯೂಟಿಯಲ್ಲಿದಾರೆ. ಏನಾಗ್ಬೇಕಿತ್ತು?… ಉಪ್ಪಾ? ಆಸ್ಪತ್ರೆ ಕಪಾಟಲ್ಲಿ ನಿಮ್ಮನೆ ಉಪ್ಪು ಇರಲ್ಲ ಸ್ವಾಮಿ. ಒಂದೊಂದೇ ಡಬ್ಬಿ ತೆಗೆದು ನೋಡಿ.” ಫೋನು ಕೆಳಗಿಟ್ಟು ಮತ್ತೆ ಬಟ್ಟೆ ಎಣಿಸಲು ಹೋದರು. ಟೈಲರಮ್ಮ ನಗು ತಡೆಯಲಾಗದೆ ಒಂದು ಲಾಡಿಯನ್ನು ಸೊಟ್ಟಗೆ ಹೊಲಿದು ಬಿಚ್ಚಬೇಕಾಯಿತು. ಉಪ್ಪು ಎಲ್ಲಿದೆಯೆಂದು ಎರಡು ಮೊಳ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆಗೆ ಚೆನ್ನಾಗಿ ಗೊತ್ತಿತ್ತಂತೆ. ನನ್ನನ್ನು ಕೇಳಲಿಲ್ಲವಲ್ಲ, ಅದಕ್ಕೇ ಹೇಳಲಿಲ್ಲ ಎಂದು ಆಮೇಲೆ ಹೇಳಿದರು. ಅವತ್ತಿನ ಅನ್ನ ತಳ ಹತ್ತಿತ್ತು, ಆಲೂಗಡ್ಡೆ ಒಳಗೆ ಹಸಿಯಾಗಿತ್ತು. ಮೂವರೂ ತಿಂದರು. ಪಿನ್ನು ನಲವತ್ತೆರಡಕ್ಕೆ ಹೋಯಿತು, ಈ ಸಲ ಟೈಲರಮ್ಮನ ಕೈಯಿಂದಲೇ.

ಎರಡನೆಯ ವಾರ ಆಲೂಗಡ್ಡೆ ಬೆಂದಿತು. ಮೂರನೆಯ ವಾರ ಬೆಳಗ್ಗೆ ಹತ್ತೂವರೆಗೆ, ಹೇಳದೆ ಕೇಳದೆ, ಮೀಟರಣ್ಣನ ಅಕ್ಕ ತನ್ನ ಮೂರು ಮಕ್ಕಳೊಂದಿಗೆ ಬಂದಿಳಿದಳು. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನ ಕೈ ತಾನಾಗಿಯೇ ಚೀಲವನ್ನು ಕೆಳಗಿಳಿಸತೊಡಗಿತು. ಅಂಥ ಕೈಗಳಿಗೆ ಇಪ್ಪತ್ತಾರು ವರ್ಷದ ಅಭ್ಯಾಸವಿರುತ್ತದೆ. ಒಂದು ಶನಿವಾರ ತಪ್ಪಿದರೆ ಅರವತ್ತು ಆಗುವುದಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಚೀಲವನ್ನು ಮತ್ತೆ ಸೊಸೆಯ ಹೆಗಲಿಗೆ ಸರಿಪಡಿಸಿದರು. “ನೀನು ಹೊರಡು. ಬಂದಿರೋಳು ನನ್ನ ಮಗಳು, ಅಡುಗೆ ಮಾಡೋನು ನನ್ನ ಮಗ. ಮಧ್ಯದಲ್ಲಿ ನಿಂಗೇನು ಕೆಲಸ?”

ಅಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಮೀಟರಣ್ಣ ಏಪ್ರನ್ನು ಕಟ್ಟಿಕೊಂಡು ಅಡುಗೆಮನೆಯಿಂದ ಇಣುಕಿ, ಈರುಳ್ಳಿ ಹೆಚ್ಚಿಕೊಡ್ತೀಯಾ ಅಕ್ಕಾ ಎಂದಾಗ ಅವಳು ಮೊದಲು ಚೆನ್ನಾಗಿ ನಕ್ಕಳು, ಆಮೇಲೆ ಚಾಕು ತೆಗೆದುಕೊಂಡಳು. ಮೂರೂವರೆಗೆ ಟೈಲರಮ್ಮ ಮನೆಗೆ ಬಂದಾಗ ಅವಳ ಪಾಲಿನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಿತ್ತು. ಬೇರೆಯವರಿಗೆ ಮುಚ್ಚಿಡುವುದಷ್ಟೇ ಗೊತ್ತಿದ್ದವಳು ಮೇಲಿನ ತಟ್ಟೆ ತೆಗೆಯುವ ಮುಂಚೆ ಸ್ವಲ್ಪ ಹೊತ್ತು ಅದನ್ನು ನೋಡುತ್ತಾ ಕೂತಳು.

ಐದನೆಯ ಶನಿವಾರ ಪಿನ್ನು ಐವತ್ತೆಂಟಕ್ಕೆ, ಅವಳ ಹಣೆಯ ಮಟ್ಟಕ್ಕೆ ಬಂತು.

ಆರನೆಯದು ಸಿಸ್ಟರ್‌ನ ಕೊನೆಯ ದಿನ. ಕಪಾಟುಗಳಿಗೆ ಹೊಸ ಚೀಟಿ ಅಂಟಿತ್ತು, ಮೇಜು ಖಾಲಿಯಾಗಿತ್ತು, ರಿಜಿಸ್ಟರೊಂದು ಉಳಿದಿತ್ತು. ಟೈಲರಮ್ಮ ಒಂದು ಗಂಟೆಗೆ ಕೊನೆಯ ಗೌನಿನ ನಾಲ್ಕನೆಯ ಲಾಡಿ ಹೊಲಿದು, ದಾರ ಕತ್ತರಿಸಿ, ಮಡಿಸಿ ಇಟ್ಟಳು. ಸಿಸ್ಟರ್ ಎಣಿಸಿ, ಅರವತ್ತು ಎಂದು ಬರೆದು, ಅಡಿಗೆರೆ ಎಳೆದರು. ಆಗ ಅವಳು ಹದಿನೈದು ವರ್ಷದಿಂದ ಇಟ್ಟುಕೊಂಡಿದ್ದನ್ನು ಹೇಳಿದಳು. ಚೀಲದ ಹಿಡಿಕೆ, ಹನ್ನೊಂದು ಗೌನು, ಅವರಂದ ಮಾತು, ಎಲ್ಲ.

ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. “ಅದನ್ನ ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳ್ತಾನೇ ಬಂದೆ ಕಣಮ್ಮಾ. ತಿರುಗಿ ಬಂದು, ಅರವತ್ತು ಗಂಟೆ ಹೊಲಿದು ನನ್ನ ಹತ್ರ ಜಗಳ ಆಡಿದೋಳು ನೀನೊಬ್ಬಳೇ” ಎಂದರು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮೀಟರಣ್ಣ. ಕೈಯಲ್ಲಿ ನಲ್ಲಿ ಬಿಚ್ಚುವ ಪಾನಾ, ಜೇಬಿನಲ್ಲಿ ರಬ್ಬರಿನ ವಾಷರುಗಳು. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಅವನು, ತಾನು ಅಡುಗೆ ಮಾಡಿದ ಶನಿವಾರಗಳಿಗೂ ಟೇಪಿನಲ್ಲಿ ಏನಾದರೂ ಜಾಗವಿದೆಯೇ ಎಂದು ಮೆಲ್ಲಗೆ ವಿಚಾರಿಸಿದ್ದ. ತನ್ನ ಮನೆಯಲ್ಲಿ ತಾನು ಉಣ್ಣುವುದನ್ನು ಬೇಯಿಸಿಕೊಂಡದ್ದು ಸೇವೆಯಲ್ಲ ಎಂದು ಮೂರು ಹೆಂಗಸರೂ ಒಟ್ಟಿಗೇ ಹೇಳಿದ್ದರು. ಬಟ್ಟೆಕೋಣೆಯ ನಲ್ಲಿ ಹಗಲಿಡೀ ತೊಟ್ಟಿಕ್ಕುವ ವಿಷಯವನ್ನು ಟೈಲರಮ್ಮ ಆಮೇಲೆ ಸುಮ್ಮನೆ ಹೇಳಿದ್ದಳು.

ಅವನು ಮೂಲೆಯ ತೊಟ್ಟಿಯ ಬಳಿ ಬಗ್ಗಿ ಇಪ್ಪತ್ತು ನಿಮಿಷ ಗುದ್ದಾಡಿದ. ನಲ್ಲಿ ನಿಂತಿತು. ಕೋಣೆ ಎಷ್ಟು ಸುಮ್ಮನಾಯಿತೆಂದರೆ ಸಿಸ್ಟರ್ ತಲೆಯೆತ್ತಿ ಏನಾಯಿತೆಂದು ನೋಡಿದರು. ಆಮೇಲೆ ಬ್ಲೇಡು ತೆಗೆದು ಪೆನ್ಸಿಲ್ ಚೂಪು ಮಾಡಿ, ರಿಜಿಸ್ಟರಿನಲ್ಲಿ ಟೈಲರಮ್ಮನ ಹೆಸರಿನ ಕೆಳಗಿನ ಸಾಲಿನಲ್ಲಿ ಅವನ ಹೆಸರು ಬರೆದುಕೊಂಡರು.

ಮೀಟರಣ್ಣ ಬಗ್ಗಿ ನೋಡಿದ. “ಇದೇನು, ಪೆನ್ಸಿಲಲ್ಲಿ?”

“ಹತ್ತು ಸಲ ಬಂದ್ರೆ ಪೆನ್ನು” ಎಂದಳು ಟೈಲರಮ್ಮ. “ಸರಾಸರಿ ನಡೆಯಲ್ಲ.”

ಇಬ್ಬರೂ ಉದ್ದನೆಯ ಓಣಿ ದಾಟಿ ಗೇಟಿನತ್ತ ನಡೆದರು. ಅಡುಗೆ ಆಗಿದೆಯೇ ಎಂದು ಅವಳು ಕೇಳಿದಳು. ಆಗಿದೆ, ಪಾತ್ರೆಗಳು ಮಾತ್ರ ಹಾಗೇ ಇವೆ, ಹೋಗಿ ತೊಳೆಯಬೇಕು ಎಂದು ಅವನು ಪಾನಾವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.